ಡಾಕ್ಟರು ಹೇಳಿದ ಗಾದಿ

ನಡ ಹಿಡಿದ ಮನುಷ್ಯನಿಗೆ ಊರೆಲ್ಲ ಡಾಕ್ಟರೇ. ನನಗೆ ನಡ ಹಿಡಿದ ಮೊದಲ ದಿನ ಸಂಜೆಯೊಳಗೆ ಹದಿನಾಲ್ಕು ಮಂದಿ ಹದಿನಾಲ್ಕು ಔಷಧ ಹೇಳಿ ಹೋಗಿದ್ದರು. ಅವರಲ್ಲಿ ಒಬ್ಬ ಹುಂಜದ ಕೊಬ್ಬು ಹಚ್ಚಿ ಅಂದ. ಲಿಂಗ ಕಟ್ಟಿಕೊಂಡವರ ಪಡಸಾಲೆಯಲ್ಲಿ ಕೂತು, ನಮ್ಮ ಚಹಾ ಕುಡಿಯುತ್ತ ಈ ಮಾತು ಹೇಳಿದ ಅವನ ಧೈರ್ಯವನ್ನು ನಾನು ಈಗಲೂ ಮೆಚ್ಚುತ್ತೇನೆ.

ಇದೆಲ್ಲ ಆಗಿ ಆರೇಳು ವರ್ಷವಾಯಿತು. ಬರೆದಿಡಬೇಕು ಅನ್ನಿಸಿದ್ದು ಮೊನ್ನೆ. ಅಂಗಡಿಗೆ ಬಂದ ಸಾಲಿ ಮಾಸ್ತರರೊಬ್ಬರು ಸೀರೆ ನೋಡುತ್ತ ನೋಡುತ್ತ ಮೆಲ್ಲಗೆ ಕಂಬಕ್ಕೆ ಆತುಕೊಂಡರು. ಅವರು ಆತುಕೊಂಡ ರೀತಿ ನೋಡಿಯೇ ನನಗೆ ಗೊತ್ತಾಯಿತು. ‘ಎಡಗಾಲಿಗೂ ಇಳೀತೈತೇನ್ರಿ, ಮಾಸ್ತರ?’ ಅಂತ ಕೇಳಿದೆ. ಅವರ ಕಣ್ಣು ತುಂಬಿದವು. ಮನೆಯಲ್ಲಿ ಆರು ಮಂದಿಯಿದ್ದೂ ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲವಂತೆ. ಆ ಮಾಸ್ತರರಿಗೂ ಅವರಂಥ ಉಳಿದವರಿಗೂ ನನ್ನ ಕಥೆ ಗೊತ್ತಿರಲಿ. ಓದಿ ನಗಲಿ. ಆದರೆ ನಗುವಾಗ ಗೋಡೆ ಹಿಡಿದುಕೊಳ್ಳಲಿ.

ಸಿದ್ಧೇಶ್ವರ ಗುಡಿಯ ಹತ್ತಿರದ ಓಣಿಯಲ್ಲಿ ನಮ್ಮದು ಸೀರೆ, ಖಣ, ಪಟಕದ ಅಂಗಡಿ. ಮನೆ ಜೋರಾಪುರ ಪೇಟೆಯಲ್ಲಿ. ಆಗಿನ ಅಂಗಡಿಯಲ್ಲಿ ಕುರ್ಚಿ ಇಲ್ಲ, ಮೇಜಿಲ್ಲ. ಗೋಡೆಯಿಂದ ಗೋಡೆಗೆ ಹತ್ತಿ ತುಂಬಿದ ದಪ್ಪ ಹಾಸಿಗೆ, ಅದರ ಮೇಲೆ ಬಿಳಿ ಚಾದರ, ಹಿಂದೊಂದು ಲೋಡು. ಆ ಹಾಸಿಗೆಗೆ ನಾವು ಗಾದಿ ಅನ್ನುತ್ತೇವೆ. ಲೋಡಿಗೆ ಒರಗಿ ಯಜಮಾನ ಕೂಡುವ ಜಾಗಕ್ಕೂ ಗಾದಿ ಅನ್ನುತ್ತೇವೆ. ಅಲ್ಲಿ ಕೂಡುವ ಹಕ್ಕಿಗೂ ಗಾದಿ ಅಂತಲೇ ಹೆಸರು. ಅಪ್ಪ ತೀರಿಕೊಂಡ ಮೇಲೆ ಪೇಟೆಯ ಹಿರಿಯರು ನನ್ನ ಕೈ ಹಿಡಿದು ಅದರ ಮೇಲೆ ಕೂಡಿಸಿದಾಗ ನನಗೆ ಇಪ್ಪತ್ತೆರಡು ವರ್ಷ. ತಮ್ಮ ಚನ್ನಪ್ಪ ನನಗಿಂತ ಹತ್ತು ವರ್ಷ ಚಿಕ್ಕವನು. ಅಂದಿನಿಂದ ಮೂವತ್ತು ವರ್ಷ ನಾನು ಚಕ್ಕಳಮಕ್ಕಳ ಹಾಕಿ ಅಲ್ಲೇ ಕೂತೆ. ಚನ್ನಪ್ಪ ಕೈಗೆ ಬಂದ ಮೇಲೆ ನಿಂತು ಕಪಾಟಿನಿಂದ ಗಂಟು ಇಳಿಸಿದ, ನಾನು ಕೂತು ಬಿಚ್ಚಿ ತೋರಿಸಿದೆ, ಅವನು ನಿಂತು ಮಡಚಿಟ್ಟ. ಇದರಲ್ಲಿ ಏನಾದರೂ ತಪ್ಪಿದೆ ಅಂತ ನನಗೆ ಎಂದೂ ಅನ್ನಿಸಿರಲಿಲ್ಲ.

ನಡ ಹಿಡಿದದ್ದಕ್ಕೆ ವಯಸ್ಸು ಕಾರಣ ಅಂತ ನಾನು ಬಹಳ ದಿನ ಒಪ್ಪಲಿಲ್ಲ. ಸರ್ಕಾರ ಕಾರಣ ಅಂತ ನಂಬಿದ್ದೆ. ಗಜ ಹೋಗಿ ಮೀಟರು ಬಂದ ಕಾಲ ಅದು. ಗಜಕ್ಕಿಂತ ಮೀಟರು ಮೂರು ಇಂಚು ಚಿಲ್ಲರೆ ಉದ್ದ. ಒಂದೊಂದು ಅಳತೆಗೂ ಮೂರು ಇಂಚು ಹೆಚ್ಚು ಬಗ್ಗಬೇಕು, ದಿನಕ್ಕೆ ಇನ್ನೂರು ಸಲ ಬಗ್ಗಿದರೆ ಏನಾಗುತ್ತದೆ ನೀವೇ ಹೇಳಿ. ಈ ವಾದವನ್ನು ನಾನು ಎಲ್ಲರ ಮುಂದೆ ಮಂಡಿಸಿದೆ. ಚನ್ನಪ್ಪನೂ ಅದೇ ಮೀಟರಿನಿಂದ ಅಳೆಯುತ್ತಾನಲ್ಲ ಅಂತ ಯಾರೋ ಕೇಳಿದಾಗ ಮಾತು ಬದಲಿಸಿದೆ.

ಶ್ರಾವಣದ ಒಂದು ಮುಂಜಾನೆ ತಿಕೋಟಾದ ಅಜ್ಜಿಯೊಬ್ಬಳು ಮೊಮ್ಮಗಳ ಮದುವೆಗೆ ಸೀರೆ ನೋಡಲು ಬಂದಳು. ಹದಿನೇಳನೆಯ ಸೀರೆಯನ್ನು ಅವಳ ಮುಂದೆ ಹಾಸಲು ಬಗ್ಗಿದೆ. ನಡುವಿನಲ್ಲಿ ಏನೋ ಸರಕ್ಕೆಂದಿತು. ಮೇಲೇಳಲು ಬರಲಿಲ್ಲ. ಎರಡೂ ಕೈ ಸೀರೆಯ ಮೇಲೆ, ಹಣೆ ಅವಳ ಪಾದದ ಹತ್ತಿರ, ಹಾಗೇ ಉಳಿದುಬಿಟ್ಟೆ. ಅಜ್ಜಿ ಗಾಬರಿಯಾದಳು.

‘ಇರ್ಲಿ ಯಪ್ಪಾ, ಇಷ್ಟ್ಯಾಕ ಕಾಲಿಗಿ ಬೀಳ್ತಿ? ತಗೋತೀನಿ ಏಳು’ ಅಂದಳು.

ಸೀರೆ ಮಾರಾಟವಾಯಿತು. ನನ್ನನ್ನು ಮಾತ್ರ ಚನ್ನಪ್ಪ ಮತ್ತು ಪಕ್ಕದ ಅಂಗಡಿಯ ಇಬ್ಬರು ಅದೇ ಆಕಾರದಲ್ಲಿ ಎತ್ತಿ ಟಾಂಗಾದಲ್ಲಿ ಹಾಕಿ ಮನೆಗೆ ಒಯ್ದರು.

ಮೊದಲು ತಾಲೀಮಿನ ಪೈಲ್ವಾನನೊಬ್ಬನನ್ನು ಕರೆಸಿದರು. ಅವನು ನನ್ನ ಬೆನ್ನಿಗೆ ತನ್ನ ಬೆನ್ನು ಕೊಟ್ಟು, ಕೈಗೆ ಕೈ ಹೆಣೆದು, ಜೋಳದ ಚೀಲದಂತೆ ನನ್ನನ್ನು ಹೊತ್ತು ಮೂರು ಸಲ ಜಾಡಿಸಿದ. ನಾನು ಕೂಗಿದ ಕೂಗಿಗೆ ಎದುರು ಮನೆಯ ಎಮ್ಮೆ ಕಣ್ಣಿ ಕಿತ್ತುಕೊಂಡಿತು. ‘ಕೂಗಿದ್ರಂದ್ರ ಬಿಟ್ಟಂಗ’ ಅಂತ ಹೇಳಿ ಅವನು ಹೋದ. ಅವನು ಬಿಡಿಸಿದ್ದು ಅಳಿದುಳಿದ ಧೈರ್ಯವನ್ನು ಮಾತ್ರ. ಅದಕ್ಕೂ ಮೊದಲು ಎಡಗಾಲಿಗೆ ಇಳಿಯದಿದ್ದ ನೋವು ಆವತ್ತು ಹಿಮ್ಮಡಿವರೆಗೆ ದಾರಿ ಮಾಡಿಕೊಂಡಿತು.

ಆಮೇಲೆ ಡಾಕ್ಟರು. ಪೇಟೆಯಲ್ಲಿ ದವಾಖಾನೆ ಇಟ್ಟಿದ್ದ ಅವರ ಮನೆಮಾತು ಮರಾಠಿ. ಕನ್ನಡ ಇಲ್ಲಿಗೆ ಬಂದ ಮೇಲೆ ಕಲಿತದ್ದು. ದವಾಖಾನೆಯ ಪಡಸಾಲೆಯಲ್ಲಿ ಬೆಂಚಿನ ತುಂಬ ಮಂದಿ. ನನಗೆ ಕೂಡಲು ಬರುತ್ತಿರಲಿಲ್ಲವಾದ್ದರಿಂದ ಗೋಡೆ ಹಿಡಿದು ನಿಂತೆ. ದಣಿದಿದ್ದ ಚನ್ನಪ್ಪ ಬೆಂಚಿನ ತುದಿಗೆ ಕೂತ. ಕೂತವನೇ ರೋಗಿ, ನಿಂತವನು ಜೊತೆಗೆ ಬಂದವನು ಅಂತ ಕಂಪೌಂಡರ್ ತಿಳಿದ. ನಮ್ಮ ಪಾಳಿ ಬಂದಾಗ ಚನ್ನಪ್ಪನ ರಟ್ಟೆ ಹಿಡಿದು ಒಳಗೆ ಕರೆದೊಯ್ದ. ನಾನು ಗೋಡೆ ಹಿಡಿದು ಹಿಂದೆ ಹಿಂದೆ ಹೋಗುವಷ್ಟರಲ್ಲಿ ಡಾಕ್ಟರು ಚನ್ನಪ್ಪನ ಅಂಗಿ ಬಿಚ್ಚಿಸಿ ಬೆನ್ನು ತಟ್ಟಿ ನೋಡಿ ಆಗಿತ್ತು. ‘ಬೆನ್ನು ಛಲೋ ಅದ’ ಅಂತ ಅವರು ಹೇಳಿದ್ದು ನನ್ನ ಕಿವಿಗೆ ಬಿತ್ತು. ಆ ಮಾತಿಗೆ ನನಗೆ ಸುಮ್ಮನೆ ಸಿಟ್ಟು ಬಂತು.

ರೋಗಿ ನಾನು ಅಂತ ತಿಳಿದ ಮೇಲೆ ನನ್ನ ಬೆನ್ನಿನ ಫೋಟೊ ತೆಗೆಸಿದರು. ಎರಡು ದಿನ ಬಿಟ್ಟು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

‘ಏನು ಕೆಲಸ ಮಾಡ್ತೀರಿ?’

‘ಗಾದಿ ಮ್ಯಾಲ ಕೂಡ್ತೀನ್ರಿ.’

‘ಎಷ್ಟು ವರ್ಷ ಆತು?’

‘ಮೂವತ್ತ ವರ್ಷ.’

‘ಅದಕ್ಕ ನೋಡ್ರಿ. ಗಾದಿ ಪೂರಾ ಸವದದ. ಕೆಳಗಿನದಂತೂ ಜಾಗಾ ಬಿಟ್ಟು ಸರದದ.’

ಚನ್ನಪ್ಪ ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡಿದೆವು. ಈ ಡಾಕ್ಟರು ನಮ್ಮ ಅಂಗಡಿಗೆ ಒಂದು ದಿನವೂ ಬಂದವರಲ್ಲ. ಗಾದಿಯ ಎಡಗಡೆ ಕುಸಿದಿದ್ದು ನಿಜ. ಲೋಡಿನ ಕಡೆಗೆ ಸರಿದಿದ್ದೂ ನಿಜ. ಮನುಷ್ಯನ ಬೆನ್ನಿನ ಫೋಟೊದಲ್ಲಿ ಅವನು ಕೂತ ಹಾಸಿಗೆಯೂ ಬೀಳುತ್ತದೆಂದರೆ ಆ ಯಂತ್ರ ಎಂಥದಿರಬೇಕು.

‘ಹೊಸಾದು ಮಾಡಿಸಬಹುದೇನ್ರಿ?’ ಅಂತ ಕೇಳಿದೆ.

ಡಾಕ್ಟರು ನಕ್ಕರು. ‘ಗಾದಿ ಹೊಸಾದು ಮಾಡಲಿಕ್ಕೆ ಬರೂದಿಲ್ರಿ. ವಯಸ್ಸಾತು, ಎಲ್ಲಾರದೂ ಸವೀತದ. ನಂದೂ ಸವದದ. ನೀವು ಹಲಗಿ ಮ್ಯಾಲ ಮಲಗ್ರಿ. ಗಾದಿ ಮ್ಯಾಲ ಭಾರ ಹಾಕಬ್ಯಾಡ್ರಿ.’

ಪಾಪ, ದೊಡ್ಡ ದೊಡ್ಡ ಊರಿನಲ್ಲಿ ಓದಿದವರು. ನಮ್ಮ ಪಿಂಜಾರರ ವಿಷಯ ಅವರಿಗೆ ಹೇಗೆ ಗೊತ್ತಿರಬೇಕು ಅಂದುಕೊಂಡು ಕೈ ಮುಗಿದು ಬಂದೆ. ಮನೆಯಲ್ಲಿ ನನ್ನ ಹೆಂಡತಿ ನೀಲವ್ವ ಆ ಫೋಟೊವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

‘ಇದರಾಗ ನೀವೆಲ್ಲಿ ಅದೀರಿ?’

‘ಇದು ನಾನ. ಒಳಗಿಂದ.’

‘ಮಾರಿ ಬರದ ಫೋಟೊಕ್ಕ ಇಷ್ಟು ದೂರ ಹೋಗಿದ್ರೇನು’ ಅಂತ ಹೇಳಿ ಅದನ್ನು ದೇವರ ಜಗಲಿಯ ಹಿಂದೆ ಇಟ್ಟಳು.

ಮರುದಿನ ಇಮಾಮಸಾಬನನ್ನು ಕರೆಸಿದೆ. ಅವನು ಪಿಂಜಾರ. ಹಳೆಯ ಹತ್ತಿ ಹಿಂಜಿ ಹಾಸಿಗೆ ತುಂಬುವವನು. ಅಂಗಡಿಯ ಗಾದಿಯನ್ನು ಓಣಿಗೆ ತಂದು ಹಾಕಿ ಹೊಲಿಗೆ ಬಿಚ್ಚಿದ. ನಡುವೆ ಎರಡು ಕುಣಿಗಳಿದ್ದವು. ಅಲ್ಲಿನ ಹತ್ತಿ ರೊಟ್ಟಿಯಂತೆ ಗಟ್ಟಿಯಾಗಿತ್ತು. ‘ಸಾವಕಾರ್ರ, ಇಕಾ ನೋಡ್ರಿ, ಇಲ್ಲೇ ಕುಂತಿದ್ರಿ ನೀವು’ ಅಂತ ಅವನು ಎಲ್ಲರೆದುರು ಆ ಕುಣಿಗಳನ್ನು ತೋರಿಸಿದ. ಆಮೇಲೆ ಹಿಂಜುವ ಬಿಲ್ಲು ತೊಂಯ್ ತೊಂಯ್ ಅಂತ ಇಡೀ ದಿನ ಹಾಡಿತು. ಹೋಗುವವರು ಬರುವವರು ನಿಂತು ಕೇಳಿದರು. ಇಮಾಮಸಾಬ ಸುಳ್ಳು ಹೇಳುವವನಲ್ಲ. ನಾನು ಹೇಳಿದ್ದನ್ನೇ ಹೇಳಿದ.

‘ಸಾವಕಾರ್ರ ಗಾದಿ ಸರದೈತಂತ್ರಿ. ಡಾಕ್ಟರ ಫೋಟೊ ತಗದು ಹೇಳ್ಯಾರ. ಇನ್ನ ಅವರು ಅದರ ಮ್ಯಾಲ ಭಾರ ಹಾಕಂಗಿಲ್ಲಂತ.’

ಹೊಸ ಗಾದಿ ಮೊಳಕಾಲೆತ್ತರ ಉಬ್ಬಿ ನಿಂತಿತು. ಅದರ ಮೇಲೆ ಕೂತ ಕೂಡಲೇ ನನ್ನ ನಡ ಒಳಗೆ ಇಳಿದು, ಮೊಳಕಾಲು ಗದ್ದಕ್ಕೆ ಬಂತು. ಮತ್ತೆ ಟಾಂಗಾ, ಮತ್ತೆ ಮನೆ. ಎರಡು ವಾರ ಹಲಗೆಯ ಮೇಲೆ ಮಲಗಿ ಮಾಳಿಗೆಯ ತೊಲೆ ಎಣಿಸಿದೆ. ಅಂಗಡಿ ನಡೆಯಬೇಕಲ್ಲ, ಆ ಎರಡು ವಾರ ಗಾದಿಯ ತುದಿಗೆ ಕೂತು ಚನ್ನಪ್ಪನೇ ವ್ಯಾಪಾರ ನೋಡಿದ.

ಕಾಲು ಸ್ವಲ್ಪ ಹಗುರಾದ ಮೇಲೆ ಒಂದು ದಿನ ಹಟ ಹಿಡಿದು ಅಂಗಡಿಗೆ ಹೋದೆ. ಕೂಡಲು ಬರುವುದಿಲ್ಲ, ಕಪಾಟಿನ ಹತ್ತಿರ ನಿಂತೆ. ಚನ್ನಪ್ಪ ಗುಡಿಯ ಕಡೆಗೆ ಹೋಗಿದ್ದ. ಬಬಲೇಶ್ವರದ ರಾಯಪ್ಪ ಬಂದ. ನಮ್ಮಪ್ಪನ ಕಾಲದ ಗಿರಾಕಿ. ಬಗಲಲ್ಲಿ ತೆಂಗಿನಕಾಯಿ.

‘ಛಲೋ ಪಟಕಾ ತಗೀರಿ ಸಾವಕಾರ್ರ. ಆಯೇರಿ ಮಾಡಾಕ ಬೇಕಾಗೈತಿ.’

ಉಡುಗೊರೆ ಅಂದ ಮೇಲೆ ನಾನು ಒಳ್ಳೆಯ ಮಾಲನ್ನೇ ತೆಗೆದೆ. ಕೇಸರಿ ಬಣ್ಣದ್ದು, ಅಂಚಿಗೆ ಜರಿ. ನಿಂತು ಅಳೆದು, ಹರಿದು, ಮಡಚಿ ಕೊಟ್ಟೆ. ಇಷ್ಟು ಕೆಲಸ ಮಾಡಲು ಬಂತಲ್ಲ ಅಂತ ಒಳಗೊಳಗೇ ಹಿಗ್ಗುತ್ತ ಕೇಳಿದೆ.

‘ಯಾರಿಗಪ್ಪ ಆಯೇರಿ?’

‘ನಿಮ್ಮ ಚನ್ನಪ್ಪಗ. ಗಾದಿ ಅವಗ ಸರದೈತಂತಲ್ಲ. ಊರೆಲ್ಲ ಸುದ್ದಿ ಐತಿ. ನೀವು ಛಲೋ ಕೆಲಸ ಮಾಡಿದ್ರಿ ನೋಡ್ರಿ, ಇದ್ದಾಗನ ಬಿಟ್ಟುಕೊಟ್ರಿ.’

ನನ್ನ ಕೈಯಲ್ಲಿ ಇನ್ನೂ ಕತ್ತರಿ ಇತ್ತು. ಅಷ್ಟರಲ್ಲಿ ಚನ್ನಪ್ಪ ಬಂದ. ರಾಯಪ್ಪ ಅವನನ್ನು ಹಿಡಿದು ಗಾದಿಯ ಮೇಲೆ ಕೂಡಿಸಿ, ನಾನು ಹರಿದುಕೊಟ್ಟ ಪಟಕವನ್ನು ನನ್ನ ಕಣ್ಣೆದುರಿಗೇ ಅವನ ತಲೆಗೆ ಸುತ್ತಿ, ಕಾಯಿ ಕೈಗೆ ಕೊಟ್ಟು, ನನ್ನ ಕಡೆಗೆ ತಿರುಗಿ ನಕ್ಕ. ಚನ್ನಪ್ಪ ಏನೂ ತಿಳಿಯದೆ ನನ್ನನ್ನು ನೋಡಿದ. ಮನೆಗೆ ಹೋದರೆ ಅಡುಗೆಮನೆಯ ಮೂಲೆಯಲ್ಲಿ ಇನ್ನೂ ಹನ್ನೊಂದು ತೆಂಗಿನಕಾಯಿ. ನಾನು ಮಲಗಿದ್ದಾಗ ಯಾರು ಯಾರೋ ತಂದುಕೊಟ್ಟು ಹೋದದ್ದು. ನನ್ನ ಆರೋಗ್ಯಕ್ಕಾಗಿ ದೇವರಿಗೆ ಒಡೆಯಲು ಕೊಟ್ಟಿದ್ದಾರೆ ಅಂತ ನೀಲವ್ವ ತಿಳಿದಿದ್ದಳು. ಎರಡು ವಾರ ಅದರದೇ ಚಟ್ನಿಯನ್ನು ನಾನು ರುಚಿ ರುಚಿ ಅಂತ ತಿಂದಿದ್ದೆ.

ಆ ಸಂಜೆ ಚನ್ನಪ್ಪನಿಗೆ ನಾನು ಆಡಿದ ಮಾತನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. ‘ಎಷ್ಟ ದಿವಸದಿಂದ ಕಾಯಾಕತ್ತಿದ್ದಿ?’ ಅಂದೆ.

ಅವನು ತಲೆಯ ಮೇಲಿನ ಪಟಕ ಬಿಚ್ಚಿ ಮಡಚುತ್ತಿದ್ದ. ಕೈ ನಿಂತಿತು.

‘ಅಣ್ಣಾ, ನಾ ನಿಂತು ದುಡದಾಂವ. ನನಗ ಅಲ್ಲಿ ಕುಂದ್ರಾಕೂ ಬರೂದಿಲ್ಲ’ ಅಂದ. ಅಷ್ಟೇ ಹೇಳಿ ಎದ್ದು ಹೋದ. ಆವತ್ತಿನಿಂದ ನನ್ನ ಜೊತೆಗೆ ಊಟಕ್ಕೆ ಕೂಡಲಿಲ್ಲ.

ದೀಪಾವಳಿಯ ಪಾಡ್ಯದಂದು ಪೇಟೆಯ ಅಂಗಡಿಗಳಲ್ಲೆಲ್ಲ ಪೂಜೆ. ಆವತ್ತು ಗಾದಿಯ ಮೇಲೆ ಪೂಜೆಗೆ ಕೂತವನೇ ಯಜಮಾನ ಅಂತ ಊರು ತಿಳಿಯುತ್ತದೆ. ಆ ಪೂಜೆಗೆ ಒಂದು ತಾಸು ಚಕ್ಕಳಮಕ್ಕಳ ಹಾಕಿ ನಾನೇ ಕೂಡಬೇಕು, ಊರು ನೋಡಬೇಕು. ಇದೊಂದೇ ನನ್ನ ತಲೆಯಲ್ಲಿ ಕೂತಿತು. ದಿನಗಳು ಉಳಿದಿದ್ದು ಇಪ್ಪತ್ತೈದು. ಆಗ ನೀಲವ್ವ ತನ್ನ ತವರೂರಾದ ಘೋಣಸಗಿಯ ಅಮೋಘಪ್ಪನ ಹೆಸರು ಹೇಳಿದಳು. ಕುರಿ ಕಾಯುವ ಮುದುಕ. ಕುರಿಯ ಕಾಲು ಮುರಿದರೂ ಮನುಷ್ಯರ ನಡ ಹಿಡಿದರೂ ಅದೇ ಕೈ.

‘ಕುರಿ ನೋಡಾಂವನ ಕೈಗೆ ನಾ ಬೀಳಬೇಕೇನು?’ ಅಂದೆ.

‘ಪೈಲ್ವಾನನ ಕೈಗೆ ಬಿದ್ದು ಬಂದೀರಲ್ಲ. ಕುರಿ ಎಷ್ಟೋ ಸೂಕ್ಷ್ಮ ಇರ್ತಾವ’ ಅಂದಳು.

ತಿಕೋಟಾವರೆಗೆ ಮೋಟಾರು. ದಾರಿಯ ಪ್ರತಿಯೊಂದು ತಗ್ಗೂ ನನ್ನ ಹೆಸರು ಕೇಳಿಕೊಂಡು ಬಂದಂತೆ ಬಂತು. ನಾನು ಮೇಲಿನ ಸರಳು ಹಿಡಿದು ಕೋತಿಯಂತೆ ಜೋತುಬಿದ್ದಿದ್ದೆ. ತಿಕೋಟಾದಲ್ಲಿ ಇಳಿದರೆ ನನ್ನ ಹೆಂಡತಿಯ ಅಣ್ಣನ ಚಕ್ಕಡಿ ನಿಂತಿತ್ತು. ಅದರಲ್ಲಿ ಮೊಳದೆತ್ತರ ಹುಲ್ಲು, ಹುಲ್ಲಿನ ಮೇಲೆ ಎರಡು ಕೌದಿ. ಇಷ್ಟು ಮುತುವರ್ಜಿ ಅವನದಲ್ಲ ಅಂತ ನನಗೆ ಗೊತ್ತಿತ್ತು.

‘ಚನ್ನಪ್ಪ ಹೇಳಿ ಕಳಿಸಿದ್ದ’ ಅಂದಳು ನೀಲವ್ವ. ಕೇಳದವನಂತೆ ಎತ್ತಿನ ಬಾಲ ನೋಡುತ್ತ ಮಲಗಿದೆ.

ಘೋಣಸಗಿಯಲ್ಲಿ ನಾನು ಊರಿನ ಅಳಿಯ. ಅಳಿಯನ ಬೆನ್ನು ನೋಡಲು ಅರ್ಧ ಊರು ಬಂತು. ಅಂಗಳದ ಬಿಸಿಲಿನಲ್ಲಿ ಕಂಬಳಿ ಹಾಸಿ ನನ್ನನ್ನು ಬೋರಲು ಮಲಗಿಸಿದರು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಕಟ್ಟೆಯ ಮೇಲೆ ಕೂತರು. ಅಮೋಘಪ್ಪನಿಗೆ ಎಂಬತ್ತಾದರೂ ಇರಬೇಕು. ನನ್ನ ಪಕ್ಕಕ್ಕೆ ಕುಕ್ಕರಗಾಲಲ್ಲಿ ಅವನು ಕೂತ ಸಲೀಸು ನೋಡಿ ಹೊಟ್ಟೆ ಉರಿಯಿತು. ಬೆಚ್ಚಗಿನ ಔಡಲ ಎಣ್ಣೆ ಬೆನ್ನಿಗೆ ಬಿತ್ತು. ಅವನ ಕೈಗೆ ಕುರಿಯ ವಾಸನೆ ಇತ್ತು, ಒರಟಾಗಿತ್ತು. ಪೈಲ್ವಾನನ ನೆನಪಾಗಿ ಹಲ್ಲು ಕಚ್ಚಿ ಹಿಡಿದೆ. ಆದರೆ ಆ ಕೈ ಎಲ್ಲೂ ಒತ್ತಲಿಲ್ಲ. ಕತ್ತಲೆಯಲ್ಲಿ ಮೆಟ್ಟಿಲು ಇಳಿಯುವವರಂತೆ ಒಂದೊಂದೇ ಎಲುಬನ್ನು ಹುಡುಕಿಕೊಂಡು ಕೆಳಗಿಳಿದು, ಒಂದು ಕಡೆ ಬಂದು ನಿಂತಿತು. ನೋವು ಇದ್ದ ಜಾಗ ಸರಿಯಾಗಿ ಅದೇ.

‘ಅಳಿಯಾರ, ಇದು ಉಳಕಲ್ಲ. ಉಳಕಿದ್ರ ಜಗ್ಗಿ ಕೂಡಸ್ತಿದ್ದೆ. ಇದು ಸವದದ್ದು. ಇದನ್ನ ಜಗ್ಗಿದ್ರ ಕೆಡ್ತೈತಿ.’

‘ಏನು ಸವದದ್ದು?’

‘ಈ ಎಲಬಿಗಿ ಆ ಎಲಬಿಗಿ ನಡುವ ಮೆತ್ತಂದು ಇರ್ತೈತಿ, ಗಾದಿ ಇದ್ದಂಗ. ಮುದಿ ಕುರಿಯಾಗ ನೋಡೀನಿ, ಒಣಗಿ ತೆಳ್ಳಗ ಆಗಿರ್ತೈತಿ.’

ನಾನು ತಲೆ ಎತ್ತಿದೆ. ‘ಏನಿದ್ದಂಗ ಅಂದಿ?’

‘ಗಾದಿ.’

ಮೊದಲು ನಕ್ಕವಳು ನೀಲವ್ವ. ನಮ್ಮ ಮದುವೆಯಾದಂದಿನಿಂದ ಆಕೆ ಅಷ್ಟು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಕಟ್ಟೆ ಹಿಡಿದು, ಕಣ್ಣೊರೆಸಿಕೊಂಡು, ಪಿಂಜಾರನ ಕಥೆಯನ್ನು ಊರಿಗೆಲ್ಲ ಹೇಳಿದಳು. ಹೆಂಗಸರು ಬಾಯಿಗೆ ಇಟ್ಟುಕೊಂಡಿದ್ದ ಸೆರಗು ಬಿಟ್ಟರು. ಕೊನೆಗೆ ನನಗೂ ನಗು ಬಂತು, ನಕ್ಕರೆ ಎಡಗಾಲಿಗೆ ಚಳಕು ಹೊಡೆಯಿತು, ಅಯ್ಯೋ ಅಂದೆ, ಅದಕ್ಕೆ ಅವರೆಲ್ಲ ಮತ್ತೆ ನಕ್ಕರು.

ನಗು ಇಳಿದ ಮೇಲೆ ಚನ್ನಪ್ಪ ನೆನಪಾದ. ಪಟಕ ಮಡಚುತ್ತ ನಿಂತುಹೋದ ಅವನ ಕೈ ಕಣ್ಣಿಗೆ ಬಂತು. ಒಂದು ಶಬ್ದ ತಿಳಿಯದೆ ಗಾದಿ ಹಿಂಜಿಸಿದವನು ನಾನು, ಊರಿಗೆ ಸುದ್ದಿ ಹಬ್ಬಿಸಿದವನು ನಾನು, ಬೈಸಿಕೊಂಡವನು ಅವನು. ಕಂಬಳಿಯಲ್ಲಿ ಮುಖ ಮುಚ್ಚಿಕೊಂಡೆ. ಬಿಸಿಲು ಹತ್ತಿದೆ ಅಂತ ಎಲ್ಲರೂ ತಿಳಿದರು. ಒಳ್ಳೆಯದೇ ಆಯಿತು.

ಮೂರು ವಾರ ಅಲ್ಲಿದ್ದೆ. ದಿನಾ ಮುಂಜಾನೆ ಎಣ್ಣೆ, ಬಿಸಿಲು, ಆಮೇಲೆ ಕಾದ ಉಸುಕಿನ ಗಂಟಿನ ಕಾವು. ಕಾವು ಆದ ಮೇಲೆ ಅಮೋಘಪ್ಪ ನನ್ನ ಕೈಗೆ ಒಂದು ಕೋಲು ಕೊಟ್ಟು ಕುರಿಗಳ ಹಿಂದೆ ನಡೆಸುತ್ತಿದ್ದ. ಮೂವತ್ತು ವರ್ಷದಲ್ಲಿ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಬಿಟ್ಟರೆ ನಾನು ನಡೆದವನಲ್ಲ. ಮೊದಲ ದಿನ ಒಂದು ಹೊಲದ ದೂರ. ಆಮೇಲೆ ಹಳ್ಳದವರೆಗೆ. ಬಿಳಿ ಧೋತರ, ಕೋಟು, ಟೊಪ್ಪಿಗೆ ಹಾಕಿಕೊಂಡು ಕುರಿಗಳ ಹಿಂದೆ ಹೊರಟ ನನ್ನನ್ನು ಕಂಡು, ಬಬಲೇಶ್ವರದ ಕಡೆಗೆ ಹೋಗುತ್ತಿದ್ದ ಚಕ್ಕಡಿಯವನೊಬ್ಬ ಎತ್ತು ನಿಲ್ಲಿಸಿಬಿಟ್ಟ. ಗಾದಿ ಹೋದ ಮೇಲೆ ಸಾವಕಾರರು ಕುರಿ ಕಾಯುವ ಗತಿಗೆ ಬಂದರು ಅಂತ ಅವನು ಊರಲ್ಲಿ ಹೇಳಿದ್ದು ಆಮೇಲೆ ತಿಳಿಯಿತು.

ನಡೆದಷ್ಟೂ ಕಾಲು ಹಗುರಾಯಿತು. ಒಂದು ದಿನ ಹಳ್ಳ ದಾಟಿ ಹೋಗಿ, ನೋವಿನ ನೆನಪೇ ಇಲ್ಲದೆ ಅರ್ಧ ತಾಸು ಕಳೆದೆ ಅಂತ ಗೊತ್ತಾದಾಗ ಕುರಿಗಳ ಎದುರು ಅತ್ತೆ. ಕುರಿಗಳು ಅದನ್ನು ಯಾರಿಗೂ ಹೇಳಲಿಲ್ಲ.

ಹೊರಡುವ ದಿನ ಅಮೋಘಪ್ಪನಿಗೆ ಕೇಳಿದೆ. ‘ಇನ್ನ ಮೊದಲಿನಂಗ ಆಗ್ತೈತೇನು?’

‘ಮೊದಲಿನಂಗ ನಿಮ್ಮ ಕೂದಲಾ ಕರ್ರಗ ಆಗ್ತಾವೇನ್ರಿ? ನಿಂದರ್ರಿ, ನಡೀರಿ, ಮಲಕೋರಿ. ಕುಂದ್ರೂದು ಮಾತ್ರ ಬ್ಯಾಡ. ನಿಮ್ಮ ಪಾಲಿನ ಕುಂದ್ರೂದು ಮುಗದೈತಿ.’

‘ಒಂದ ತಾಸು. ಪಾಡ್ಯದ ಪೂಜಿಗಿ.’

‘ಕುಂದ್ರಾಕ ಬರ್ತೈತಿ. ಏಳೂದು ನಿಮಗ ಬಿಟ್ಟದ್ದು’ ಅಂದ.

ಊರಿಗೆ ಬಂದು ಚನ್ನಪ್ಪನ ಹತ್ತಿರ ತಪ್ಪಾಯಿತು ಅನ್ನಬೇಕೆಂದು ಮೂರು ಸಲ ಹೋದೆ. ಮೂರು ಸಲವೂ ‘ಹೊಸ ಮಾಲು ಬಂತೇನು’ ಅಂತ ಕೇಳಿ ತಿರುಗಿ ಬಂದೆ. ಡಾಕ್ಟರು ಹೇಳಿದ ಗಾದಿ ಯಾವುದು ಅನ್ನುವುದನ್ನು ನೀಲವ್ವ ಅವನಿಗೆ ತಿಳಿಸಿದ್ದಳು. ಅವನು ನಕ್ಕನಂತೆ. ಆದರೂ ನನ್ನ ಜೊತೆಗೆ ಊಟಕ್ಕೆ ಮಾತ್ರ ಬಂದಿರಲಿಲ್ಲ.

ಪಾಡ್ಯದ ಮುಂಜಾನೆ ಅಂಗಡಿಯ ಮುಂದೆ ಕಾಲಿಡಲು ಜಾಗವಿಲ್ಲ. ಗಾದಿಯ ಮೇಲೆ ಯಾರು ಕೂಡುತ್ತಾರೆ ಅಂತ ನೋಡಲೆಂದೇ ಬಂದವರೂ ಇದ್ದರು. ಬಬಲೇಶ್ವರದ ರಾಯಪ್ಪ ಎಲ್ಲರಿಗಿಂತ ಮುಂದೆ ನಿಂತಿದ್ದ. ನಾನು ನೆಟ್ಟಗೆ ನಡೆದು ಹೋಗಿ, ಕಾಲು ಮಡಚಿ ಕೂತೆ. ಕೂಡಲು ಬಂತು. ಗುಜುಗುಜು ನಿಂತಿತು. ಅಯ್ಯನವರು ಪೂಜೆ ಶುರು ಮಾಡಿದರು. ಕಾಲು ತಾಸಿಗೆ ಎಡಗಾಲಲ್ಲಿ ಇರುವೆ ಹರಿದವು. ಅರ್ಧ ತಾಸಿಗೆ ಬೆಂಕಿ. ಆಮೇಲೆ ಏನೂ ಇಲ್ಲ, ಎಡಗಾಲು ನನ್ನದೇ ಅಲ್ಲ ಅನ್ನುವಂತಾಯಿತು. ಬೆವರು ಕಂಡ ಅಯ್ಯನವರು ನನ್ನ ಭಕ್ತಿಗೆ ಮೆಚ್ಚಿ ಇನ್ನಷ್ಟು ಮಂತ್ರ ಹೇಳಿದರು.

ಮಂಗಳಾರತಿ ಮುಗಿಯಿತು. ಯಜಮಾನ ಎದ್ದು ಎಲ್ಲರಿಗೂ ಎಲೆ-ಅಡಿಕೆ ಕೊಡಬೇಕು. ನಾನು ಏಳಲು ನೋಡಿದೆ. ನಡದ ಕೆಳಗೆ ಯಾರೂ ನನ್ನ ಮಾತು ಕೇಳಲಿಲ್ಲ. ಇಡೀ ಓಣಿ ನನ್ನ ಕಡೆಗೆ ನೋಡುತ್ತಿತ್ತು. ರಾಯಪ್ಪನ ಹುಬ್ಬು ಮೇಲೇರಿತು. ಮತ್ತೊಂದು ಸಲ ನೋಡಿದೆ. ಆಗಲಿಲ್ಲ. ನನ್ನ ಜನ್ಮದಲ್ಲಿ ಅಷ್ಟು ಹೆದರಿಕೆ ನನಗೆ ಆಗಿರಲಿಲ್ಲ. ಇಷ್ಟು ಮಂದಿಯ ಮುಂದೆ ನಾಲ್ಕು ಜನ ಬಂದು ನನ್ನನ್ನು ಎತ್ತಿ ಟಾಂಗಾಕ್ಕೆ ಹಾಕುವುದೊಂದು ಉಳಿದಿತ್ತು.

ಅಷ್ಟರಲ್ಲಿ ಕಪಾಟಿನ ಹತ್ತಿರ ನಿಂತಿದ್ದ ಚನ್ನಪ್ಪ ಮುಂದೆ ಬಂದ. ಹಬ್ಬದ ದಿನ ಅಣ್ಣನಿಗೆ ನಮಸ್ಕಾರ ಮಾಡುವವನಂತೆ ನನ್ನೆದುರು ಮೊಳಕಾಲೂರಿ ಬಾಗಿದ. ಹಣೆ ನನ್ನ ಕಾಲಿಗೆ ತಾಗಿತು. ತಲೆ ಎತ್ತುವಾಗ ಅವನ ಎರಡೂ ಕೈ ನನ್ನ ಬಗಲಿಗೆ ಬಂದವು. ಕಿವಿಯ ಹತ್ತಿರ ಮೆಲ್ಲಗೆ ಹೇಳಿದ.

‘ಅಣ್ಣಾ, ನನ್ನ ಹೆಗಲ ಹಿಡಿ. ನನ್ನ ಎಬ್ಬಸಿದಂಗ ಮಾಡು. ನಾ ಎತ್ತತೀನಿ.’

ಅವನ ಹೆಗಲು ಹಿಡಿದೆ. ಕಪಾಟಿನಿಂದ ಗಂಟು ಇಳಿಸಿ ಇಳಿಸಿ ಗಟ್ಟಿಯಾದ ಹೆಗಲು. ಅವನು ಎದ್ದ, ಅವನ ಜೊತೆಗೆ ನಾನೂ ಎದ್ದೆ. ಕಾಲಿಗೆ ಜೀವ ಬರುವವರೆಗೆ ಅವನು ನನ್ನನ್ನು ಬಿಡಲಿಲ್ಲ, ನಾನೂ ಬಿಡಲಿಲ್ಲ. ಓಣಿಗೆ ಕಂಡದ್ದು ಇಷ್ಟೇ: ಕಾಲಿಗೆ ಬಿದ್ದ ತಮ್ಮನನ್ನು ಅಣ್ಣ ಎಬ್ಬಿಸಿ ಅಪ್ಪಿಕೊಂಡ. ಹೆಂಗಸರು ಕಣ್ಣೊರೆಸಿಕೊಂಡರು. ‘ದೊಡ್ಡ ಮನಸು ನೋಡು ಸಾವಕಾರ್ರದು’ ಅಂತ ರಾಯಪ್ಪ ಗಟ್ಟಿಯಾಗಿ ಹೇಳಿದ.

ನಾನು ಅಳುತ್ತಿದ್ದೆ. ಮೂರು ಸಲ ಹೋಗಿ ಆಡದೆ ಬಂದ ಮಾತು ಆಗ ಬಾಯಿಗೆ ಬಂತು.

‘ತಪ್ಪಾತು ಚನ್ನಪ್ಪ. ಕುಂದ್ರು’ ಅಂತ ಗಾದಿ ತೋರಿಸಿದೆ.

‘ಬ್ಯಾಡ ಅಣ್ಣಾ. ಮಂದಿ ಅದಾರ.’

‘ನೀ ನನ್ನ ಎತ್ತಿದ್ದು ಯಾರೂ ನೋಡಲಿಲ್ಲ. ನಾ ನಿನ್ನ ಕುಂದ್ರಸೂದು ಎಲ್ಲಾರೂ ನೋಡ್ಲಿ.’

ಕೈ ಹಿಡಿದು ಕೂಡಿಸಿದೆ. ಅವನು ಹೇಳಿದ್ದು ನಿಜ, ಅವನಿಗೆ ಅಲ್ಲಿ ಕೂಡಲು ಬರುತ್ತಿರಲಿಲ್ಲ. ಮೊಳಕಾಲು ಎಲ್ಲಿಡಬೇಕು, ಕೈ ಎಲ್ಲಿಡಬೇಕು ತಿಳಿಯದೆ ಒದ್ದಾಡಿ, ಕೊನೆಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ. ಡಾಕ್ಟರು ಛಲೋ ಅಂದಿದ್ದ ಬೆನ್ನು. ಇನ್ನು ಇಪ್ಪತ್ತು ವರ್ಷಕ್ಕೆ ಇದೂ ಹೋಗುತ್ತದಲ್ಲ ಅನ್ನಿಸಿತು. ಬಾಗಲು ಬರುವಷ್ಟು ಬಾಗಿ ಅವನಿಗೆ ಹೇಳಿದೆ.

‘ತಾಸಿಗೊಮ್ಮೆ ಏಳು. ಏಳಾಕ ಬರಲಿಲ್ಲಂದ್ರ ಕರಿ. ನಾ ಇಲ್ಲೇ ನಿಂತಿರ್ತೀನಿ.’